ನಾಣ್ಯ ಬಗ್ಗಿಸೋಕೆ ಸಾವಿರಾರು ರೂಪಾಯಿ ಯಂತ್ರ ಯಾಕ್ರಿ?

ಬೇಸಿಗೆ ಶಿಬಿರಗಳು ಹತ್ತಿರ ಬಂದರೆ ಸಾಕು, ಜಾದೂಗಾರನಾದ ನನ್ನ ಫೋನಿಗೆ ಒಂದೇ ಥರದ ಮೆಸೇಜ್ ಶುರುವಾಗುತ್ತದೆ. "ಸರ, ನಾಣ್ಯ ಬಗ್ಗಸೋ ಮಷಿನ್ ಯಾವ್ದು ಛಲೋ ಅದ? ಬಜೆಟ್ ಕಡಿಮಿ ಅದ." ಮ್ಯಾಜಿಕ್ ಕಲಿಯುವ ಆಸೆಯ ಕಲಬುರಗಿಯ ಕಾಲೇಜು ಹುಡುಗರು ಕೇಳುತ್ತಾರೆ, ಬೀದರಿನ ಬ್ಯಾಂಕ್ ನೌಕರರು ಕೇಳುತ್ತಾರೆ, ಯಾದಗಿರಿ ಕಡೆಯ ಮೇಷ್ಟ್ರುಗಳೂ ಕೇಳುತ್ತಾರೆ. ಜೊತೆಗೊಂದು ವಿಡಿಯೊ. ಅದರಲ್ಲಿ ಒಬ್ಬ ಮುಷ್ಟಿ ಮುಚ್ಚಿ ತೆರೆಯುತ್ತಾನೆ, ನಾಣ್ಯ ಬಾಗಿರುತ್ತದೆ. ಕೆಳಗೆ ಬೆಲೆ. ಆ ದುಡ್ಡಿಗೆ ಒಂದು ಮನೆಗೆ ತಿಂಗಳಿನ ಜೋಳ ಬರುತ್ತದೆ.

ಬೇಡ ಅಂತ ಹೇಳುತ್ತೇನೆ. ಕೇಳುವುದಿಲ್ಲ. ತರಿಸಿಕೊಂಡು, ಎರಡು ವಾರ ಒದ್ದಾಡಿ, ಆಮೇಲೆ ಚೀಲದಲ್ಲಿ ಹಾಕಿಕೊಂಡು ನನ್ನ ಮನೆಗೇ ಬರುತ್ತಾರೆ.

ಯಂತ್ರದ ಒಳಗುಟ್ಟು ಇಲ್ಲಿ ಬರೆಯುವುದಿಲ್ಲ. ಅದು ಮಾಡಿದವರ ಅನ್ನ. ನಾನು ಹೇಳುವುದು ಮ್ಯಾಜಿಕ್ ಕಲಿಯುವವರ ಮೊದಲ ಪಾಠಗಳಲ್ಲೇ ಬರುವ ಸಂಗತಿ.

ಈ ಯಂತ್ರಗಳಲ್ಲಿ ಎಷ್ಟೋ ಹೊರದೇಶದ ನಾಣ್ಯಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಅಮೆರಿಕದ ಕ್ವಾರ್ಟರ್ ನಾಣ್ಯ 24.26 ಮಿ.ಮೀ. ಅಗಲ. ಒಳಗೆ ತಾಮ್ರ, ಮೇಲೆ ತಾಮ್ರ-ನಿಕಲ್ ಪದರ. ಅದು ಬಗ್ಗುವ ಲೋಹ. ನಮ್ಮ 1 ರೂಪಾಯಿ, 2 ರೂಪಾಯಿ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲ್, ಆಯಸ್ಕಾಂತಕ್ಕೆ ಟಪ್ ಅಂತ ಅಂಟಿಕೊಳ್ಳುತ್ತವೆ. ದಪ್ಪ ಬೇರೆ, ಗಡಸುತನ ಬೇರೆ. ಯಂತ್ರದ ಬಾಯಿಗೆ ಕೂರುವುದಿಲ್ಲ, ಕೂತರೂ ಜಾರುತ್ತದೆ. ಎಲ್ಲ ಯಂತ್ರವೂ ಹೀಗೇ ಅಂತ ನಾನು ಹೇಳಲಾರೆ. ಆದರೆ ನನ್ನ ಮನೆಗೆ ಬಂದವು ಹೆಚ್ಚುಕಮ್ಮಿ ಹೀಗೇ ಇದ್ದವು.

ಇನ್ನು ನನ್ನ ತಲೆ ತಿನ್ನುವ ವಿಷಯಕ್ಕೆ ಬರುತ್ತೇನೆ. ಎಲ್ಲರೂ ನಾಣ್ಯ ನೋಡುವವರ ಎದುರಿಗೇ, ಆ ಕ್ಷಣಕ್ಕೇ ಬಗ್ಗಬೇಕು ಅಂದುಕೊಂಡಿದ್ದಾರೆ. ಬಗ್ಗುವ ಹೊತ್ತು ಬೇರೆ, ಬಗ್ಗಿದ್ದು ಕಾಣುವ ಹೊತ್ತು ಬೇರೆ ಸ್ವಾಮಿ! ಎಷ್ಟೇ ದುಬಾರಿ ಯಂತ್ರ ಇರಲಿ, ಅದೂ ನಾಣ್ಯವನ್ನು ಗುಟ್ಟಾಗಿಯೇ ಬಗ್ಗಿಸುತ್ತದೆ. ಆಮೇಲೆ ಬಗ್ಗಿದ ನಾಣ್ಯವನ್ನು ನೆಟ್ಟಗಿದೆ ಅಂತ ನಂಬಿಸಿಕೊಂಡು ಹಿಡಿದಿರಬೇಕು. ಆಮೇಲೆ ಈಗ ತಾನೇ ಬಗ್ಗುತ್ತಿದೆ ಅಂತ ತೋರಿಸಬೇಕು. ಈ ಎರಡು ಕೆಲಸ ಯಂತ್ರ ಮಾಡುವುದಿಲ್ಲ, ನಿಮ್ಮ ಕೈ ಮಾಡಬೇಕು. ಕೈ ಮಾಡುತ್ತದೆ ಅಂದರೆ ನಾಣ್ಯ ಎರಡು ನಿಮಿಷ ಮೊದಲು ಬಗ್ಗಿದರೇನು, ಹೋದ ವಾರ ಮನೆಯಲ್ಲಿ ಬಗ್ಗಿದರೇನು? ರೊಟ್ಟಿ ಬಡಿಯಲು ಬರದವರು ಹಂಚು ಬದಲಿಸಿದ ಹಾಗಾಯಿತು ಇದು.

ಹಾಗಾದರೆ ಬಡವರ ದಾರಿ ಯಾವುದು? ಎರಡು ಹಿತ್ತಾಳೆ ಬಿಲ್ಲೆ. ಒಂದು ನೆಟ್ಟಗೆ, ಒಂದು ಬಾಗಿದ್ದು. ನೆಟ್ಟಗಿನದನ್ನು ತೋರಿಸಿ, ಗುಟ್ಟಾಗಿ ಬಾಗಿದ್ದಕ್ಕೆ ಬದಲಿಸುವುದು.

ನಾಣ್ಯ ಬಿಟ್ಟು ಬಿಲ್ಲೆ ಯಾಕೆ ಅಂತ ಹುಡುಗರು ಮುಖ ಸಣ್ಣದು ಮಾಡುತ್ತಾರೆ. 2011ರ ನಾಣ್ಯ ಕಾಯ್ದೆ ನಾಣ್ಯವನ್ನು ಕರಗಿಸುವುದು, ನಾಶ ಮಾಡುವುದನ್ನು ನಿಷೇಧಿಸುತ್ತದೆ. ಶಿಕ್ಷೆ 7 ವರ್ಷದ ತನಕ ಇರಬಹುದು. ಬಗ್ಗಿಸುವುದು ನಾಶದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಅದನ್ನು ವಕೀಲರು ಹೇಳಬೇಕು. ನಾನು ಜಾದೂಗಾರ. ಆದರೆ ಆಕಾರ ಕೆಡಿಸಿದ ನಾಣ್ಯ ಚಲಾವಣೆಗೆ ಸಲ್ಲುವುದಿಲ್ಲ ಎಂಬುದಂತೂ ಅದೇ ಕಾಯ್ದೆಯಲ್ಲಿದೆ. ಶಾಲೆ ಮಕ್ಕಳ ಎದುರಿಗೆ, ಮೇಷ್ಟ್ರ ಎದುರಿಗೆ, ಒಮ್ಮೊಮ್ಮೆ ಪಿಎಸ್‌ಐ ಸಾಹೇಬರ ಎದುರಿಗೂ ಶೋ ಮಾಡುವವರಿಗೆ ಈ ತಂಟೆ ಯಾಕೆ?

ಕಾನೂನು ಬಿಡಿ, ಮರ್ಯಾದೆ ಪ್ರಶ್ನೆಯೂ ಇದೆ. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ಆಳಂದ ಕಡೆಯ ಹಳ್ಳಿಯ ಜಾತ್ರೆಯಲ್ಲಿ ಒಬ್ಬ ಅಜ್ಜಿಯಿಂದ 5 ರೂಪಾಯಿ ಇಸಕೊಂಡ. ಬಗ್ಗಿಸಿದ. ಜನ ಕೇಕೆ ಹಾಕಿದರು. ಅಜ್ಜಿ ಮಾತ್ರ ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಈಗ ಯಾರು ತಗೋತಾರ? ಮೊದಲ ನೆಟ್ಟಗ ಮಾಡಿ ಕೊಡಪ್ಪಾ, ಆಮ್ಯಾಲ ಚಪ್ಪಾಳಿ ಹೊಡೀತೀನಿ" ಅಂದಳು. ಹುಡುಗನ ಹತ್ತಿರ ನೆಟ್ಟಗೆ ಮಾಡುವ ಯಂತ್ರ ಇರಲಿಲ್ಲ. ಮೊದಲೇ ನಮ್ಮ ಕಡೆ ಸರಿಯಾಗಿರುವ 10 ರೂಪಾಯಿ ನಾಣ್ಯವನ್ನೇ ಅಂಗಡಿಯವರು ತಗೊಳ್ಳಲ್ಲ. ಎಲ್ಲ 14 ವಿನ್ಯಾಸಗಳೂ ಸಲ್ಲುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದ್ದರೂ ಅಷ್ಟೇ. ಇನ್ನು ಬಾಗಿದ ನಾಣ್ಯ ಹಿಡಿದುಕೊಂಡು ಅಜ್ಜಿ ಎಲ್ಲಿಗೆ ಹೋಗಬೇಕು?

ಹಿತ್ತಾಳೆ ತಗಡಿನ ಬಿಲ್ಲೆ ಸುಲಭವಾಗಿ ಸಿಗುತ್ತದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವರನ್ನು ಕೇಳಿ. ಎರಡು ರೂಪಾಯಿ ನಾಣ್ಯದಷ್ಟು ಅಗಲ ಇರಲಿ. ಎರಡಕ್ಕೂ ಒಂದೇ ನಂಬರ್ ಕೊರೆಸಿ, 27 ಅಂತಿಟ್ಟುಕೊಳ್ಳಿ. ಹಳೇ ಹೋಟೆಲ್ ಟೋಕನ್ ಅಂತ ಹೇಳಿದರೆ ಯಾರೂ ಅನುಮಾನ ಪಡುವುದಿಲ್ಲ. ನೋಡುವವರು ನಂಬರ್ ಜೋರಾಗಿ ಓದುತ್ತಾರೆ, ಕೊನೆಗೆ ಬಾಗಿದ ಬಿಲ್ಲೆಯ ಮೇಲೂ ಅದೇ ನಂಬರ್. ನೋಡುವವರು ಗುರುತು ಹಾಕಿಕೊಟ್ಟ ನಾಣ್ಯವನ್ನೇ ಬಗ್ಗಿಸಬಹುದು ಎಂಬುದು ಯಂತ್ರದ ನಿಜವಾದ ಹೆಚ್ಚುಗಾರಿಕೆ, ಅದನ್ನು ಒಪ್ಪುತ್ತೇನೆ. ಈ ನಂಬರ್ ಉಪಾಯ ಅದರ ಮುಕ್ಕಾಲು ಕೆಲಸ ಮಾಡುತ್ತದೆ, ಚಹಾ-ಸೂಸಲಾ ಖರ್ಚಿನಲ್ಲಿ. ಬೀದರಿನವರಿಗೆ ಒಂದು ಮಾತು: ಬಿದರಿ ಕೆಲಸದ ಮಿಕ್ಕ ಚೂರು ತಂದು ಬಗ್ಗಿಸಲು ಹೋಗಬೇಡಿ. ಅದರಲ್ಲಿ ಸತುವೇ ಜಾಸ್ತಿ. ಎರಕದ ಲೋಹ, ಬಾಗುವ ಮೊದಲು ಬಿರಿಯುತ್ತದೆ.

ಬಗ್ಗಿಸುವಾಗ ಎರಡು ಇಕ್ಕಳ ಸಾಕು. ಇಕ್ಕಳದ ಬಾಯಿಗೆ ದಪ್ಪ ಬಟ್ಟೆ ಸುತ್ತಿ, ಇಲ್ಲದಿದ್ದರೆ ಹಲ್ಲಿನ ಗುರುತು ಬೀಳುತ್ತದೆ. ಸ್ವಲ್ಪವೇ ಬಗ್ಗಿಸಿ. ಹುಡುಗರು ಉತ್ಸಾಹದಲ್ಲಿ ಅರ್ಧಕ್ಕೆ ಮಡಚಿಬಿಡುತ್ತಾರೆ. ಅಷ್ಟು ಮಡಚಿದ್ದು ಅಂಗೈಯಲ್ಲಿ ಅಡಗುವುದಿಲ್ಲ.

ಬಾಗಿದ ಬಿಲ್ಲೆ ಬಲಗೈಯ ಮಧ್ಯದ ಎರಡು ಬೆರಳ ಬುಡದಲ್ಲಿ ಕೂತಿರಲಿ. ನೆಟ್ಟಗಿನದು ಅದೇ ಕೈಯ ಬೆರಳ ತುದಿಯಲ್ಲಿ. ಎಡಗೈಗೆ ಎಸೆಯುವ ಹಾಗೆ ಮಾಡಿ ತುದಿಯದನ್ನು ಹೆಬ್ಬೆರಳಿಂದ ಹಿಂದಕ್ಕೆ ಎಳೆದುಕೊಂಡು ಬುಡದ್ದನ್ನು ಬಿಡಿ. ಎಡಗೈಗೆ ಹೋಗುವುದು ಬಾಗಿದ್ದು, ಬಲಗೈಯಲ್ಲಿ ಉಳಿಯುವುದು ನೆಟ್ಟಗಿನದು. ಹೀಗೆ ಬದಲಿಸುವುದಕ್ಕೆ ನಮ್ಮ ಜಾದೂಗಾರರು ಬೋಬೊ ಸ್ವಿಚ್ ಅನ್ನುತ್ತಾರೆ. ದಿನಾ ಟಿವಿ ನೋಡುತ್ತಾ ಮಾಡಿ, ಕೈಗೆ ಬರುತ್ತದೆ.

ಈಗ ಸ್ವಲ್ಪ ಗಮನ ಕೊಡಿ, ಇಲ್ಲೇ ಎಲ್ಲರೂ ಎಡವುವುದು. ಬಾಗಿದ ಬಿಲ್ಲೆಯನ್ನೂ ಎದುರಿನಿಂದ ನೋಡಿದರೆ ದುಂಡಗೇ ಕಾಣುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ಹಿಡಿದು ನೋಡಿ. ಎರಡೂ ಕೈಯ ಹೆಬ್ಬೆರಳು, ತೋರುಬೆರಳುಗಳಲ್ಲಿ ಎಡ-ಬಲ ಅಂಚು ಹಿಡಿಯಿರಿ. ಮುಖ ಜನರ ಕಡೆ. ಮುರಿಯಲು ತಿಣುಕುವವರ ಹಾಗೆ ಮಣಿಕಟ್ಟುಗಳನ್ನು ಸಣ್ಣಗೆ ಒಳಗೆ-ಹೊರಗೆ ಆಡಿಸಿ. ಬೆರಳು ಬಿಲ್ಲೆಯ ಮೇಲೆ ಹೊರಳಬೇಕು, ಹಿಡಿತ ಸಡಿಲ ಇರಬೇಕು. ಆಗ ಲೋಹ ಮೆತ್ತಗಾದ ಹಾಗೆ ಕಾಣುತ್ತದೆ. ಇದಕ್ಕೆ ಯಾವ ನಾಣ್ಯವಾದರೂ ಆಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಹಾಗೆ ಆಡಿಸುತ್ತಲೇ ಬಾಗಿದ ಬಿಲ್ಲೆಯನ್ನು ನಿಧಾನಕ್ಕೆ ಪಕ್ಕಕ್ಕೆ ತಿರುಗಿಸಿ. ಬಾಗು ಇಷ್ಟಿಷ್ಟೇ ಕಾಣುತ್ತಾ ಹೋಗುತ್ತದೆ. ತಿರುಗಿದ್ದನ್ನು ಜನ ಬಗ್ಗಿತು ಎಂದುಕೊಳ್ಳುತ್ತಾರೆ. ನೋಡಿ, ಬಗ್ಗಿದ್ದು ಯಾವಾಗಲೋ, ಜನಕ್ಕೆ ಕಂಡಿದ್ದು ಈಗ! ಇಷ್ಟು ಹೇಳಿ ತೋರಿಸಿದ ಮೇಲೂ, "ಹಂಗಾದ್ರ ಯಾವ ಮಷಿನ್ ತಗೊಳ್ಳಲಿ ಸರ?" ಅಂತ ಕೇಳಿದವರಿದ್ದಾರೆ. ಪಾಪ, ಒಳ್ಳೆಯವರೇ.

1973ರಲ್ಲಿ ಅಮೆರಿಕದ ಟಿವಿ ಶೋ ಒಂದರಲ್ಲಿ ಮನಸ್ಸಿನ ಶಕ್ತಿಯಿಂದಲೇ ಚಮಚ ಬಗ್ಗಿಸುತ್ತೇನೆ ಎನ್ನುತ್ತಾ ಹೆಸರಾದ ಯೂರಿ ಗೆಲ್ಲರ್ ಬಂದಿದ್ದರು. ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರರ ಸಲಹೆಯಂತೆ ಶೋದವರು ವಸ್ತುಗಳನ್ನು ತಾವೇ ತಂದಿಟ್ಟು, ಮೊದಲೇ ಯಾರೂ ಮುಟ್ಟದ ಹಾಗೆ ನೋಡಿಕೊಂಡರು. ಅವತ್ತು ಏನೂ ಬಗ್ಗಲಿಲ್ಲ. ತಯಾರಿ ಇಲ್ಲದೆ ಏನಾಗುತ್ತದೆ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹಾಗೇ ಒಂದು ವಿನಂತಿ. ಆಟ ಮುಗಿದ ಮೇಲೆ ಇದು ಕೈಚಳಕ ಅಂತ ಬಾಯಿಬಿಟ್ಟು ಹೇಳಿ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದು 1976ರಲ್ಲಿ. ಇವತ್ತಿಗೂ ಶೋ ಮುಗಿದ ಮೇಲೆ ಮಗುವಿಗೆ ದೃಷ್ಟಿ ತೆಗೆಯಿರಿ ಅಂತ ನನ್ನ ಹತ್ತಿರ ಬರುವ ತಾಯಂದಿರಿದ್ದಾರೆ. ಅವರನ್ನು ಡಾಕ್ಟರ ಹತ್ತಿರ ಕಳಿಸುತ್ತೇನೆ.

ಇನ್ನೊಂದು. ಮುನ್ನೂರು ಮಕ್ಕಳಿರುವ ಶಾಲೆ ಅಂಗಳದಲ್ಲಿ ನಾಣ್ಯದ ಆಟ ಇಡಲೇಬೇಡಿ. ಮೂರನೇ ಸಾಲಿನ ಹಿಂದೆ ಯಾರಿಗೂ ಏನೂ ಕಾಣುವುದಿಲ್ಲ, ಗಲಾಟೆ ಶುರುವಾಗುತ್ತದೆ. ಅಲ್ಲಿ ಸ್ಟೀಲ್ ಚಮಚ ಇಟ್ಟುಕೊಳ್ಳಿ. ಅಗ್ಗದ ತೆಳು ಚಮಚ ಕೈಯಲ್ಲೇ ಬಗ್ಗುತ್ತದೆ, ಕಾಯ್ದೆಯ ಚಿಂತೆಯೂ ಇಲ್ಲ.

ಏಪ್ರಿಲ್‌ನಲ್ಲಿ ಇಲ್ಲಿ ಶೋ ಅಂದರೆ ಅಂಗೈ ಬೆವರುವುದು ಗ್ಯಾರಂಟಿ. ಬೆವರಿದ ಕೈಗೆ ಬಿಲ್ಲೆ ಅಂಟಿಕೊಂಡು ಬಿಡಬೇಕಾದಾಗ ಬಿಡುವುದಿಲ್ಲ. ಪೌಡರ್ ಹಾಕಿದರೆ ಬೇಡದಾಗ ಜಾರಿ ಠಣ್ ಅನ್ನುತ್ತದೆ. ಬಲ ಜೇಬಿನಲ್ಲಿ ಒಂದು ಕರವಸ್ತ್ರ ಇಟ್ಟುಕೊಂಡು, ಬದಲಿಸಿದ ಮೇಲೆ ಅದನ್ನು ತೆಗೆದು ಹಣೆ ಒರೆಸಿಕೊಳ್ಳಿ. ಜೇಬಿಗೆ ಹೋದ ಕೈ ನೆಟ್ಟಗಿನ ಬಿಲ್ಲೆಯನ್ನು ಅಲ್ಲೇ ಬಿಟ್ಟು ಬರುತ್ತದೆ. ನಮ್ಮ ಬಿಸಿಲಿನಲ್ಲಿ ಯಾಕೆ ಒರೆಸಿಕೊಂಡ ಅಂತ ಯಾರೂ ಕೇಳುವುದಿಲ್ಲ.