ಹೆಸರಿಗೆ 20 ಅಕ್ಷರ ಸಾಲದು: ಸಿ ಕೋಡ್ ತಪಾಸಣೆ ನಡೆದುಬಂದ ದಾರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಹುಡುಗರು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ಬರೆಯುವ ಮೊದಮೊದಲ ಪ್ರೋಗ್ರಾಂಗಳಲ್ಲಿ ಹೆಸರು ಕೇಳಿ ಪರದೆಗೆ ತರುವುದೂ ಒಂದು. 20 ಅಕ್ಷರ ಹಿಡಿಸುವ ಜಾಗ (ಅರೇ) ಇಟ್ಟು, ಟೈಪ್ ಮಾಡಿದ ಸಾಲನ್ನು ಓದುವ ಗೆಟ್ಸ್ ಎಂಬ ಫಂಕ್ಷನ್ ಕರೆದರೆ ಮುಗಿಯಿತು. ಆದರೆ ನಮ್ಮ ಕಡೆ ಹೆಸರಿನ ಬೆನ್ನಿಗೆ ತಂದೆಯ ಹೆಸರು, ಅಡ್ಡಹೆಸರು ಎರಡೂ ಇರುತ್ತವೆ. ಇಂಗ್ಲಿಷಿನಲ್ಲಿ ಮಲ್ಲಿಕಾರ್ಜುನ್ ಬರೆಯಲು 11 ಅಕ್ಷರ, ಚನ್ನಬಸಪ್ಪ ಬರೆಯಲು 13. ಅಡ್ಡಹೆಸರು ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಎಷ್ಟು ಜಾಗವಿದೆಯೆಂದು ಗೆಟ್ಸ್‌ಗೆ ತಿಳಿಸಲು ದಾರಿಯೇ ಇಲ್ಲ. ಅದು ಪಕ್ಕದ ಮೆಮೊರಿಯ ಮೇಲೆ ಬರೆಯುತ್ತ ಹೋಗುತ್ತದೆ. ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸವೂ ಅಲ್ಲೇ ಆಸುಪಾಸಿನಲ್ಲಿರುತ್ತದೆ. ಅದನ್ನು ಬದಲಿಸಬಲ್ಲವನಿಗೆ ಪ್ರೋಗ್ರಾಂ ಇಡಿಯಾಗಿ ಕೈವಶ.

1988ರ ನವೆಂಬರ್ 2ರಂದು ಆದದ್ದು ಇದೇ. ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ವರ್ಮ್‌ಗೆ ಸಿಕ್ಕ ದಾರಿಗಳಲ್ಲಿ ಒಂದು, ಯಾರು ಲಾಗಿನ್ ಆಗಿದ್ದಾರೆಂದು ತಿಳಿಸುವ ಫಿಂಗರ್ ಸೇವೆಯೊಳಗಿದ್ದ ಗೆಟ್ಸ್. 512 ಬೈಟಿನ ಜಾಗಕ್ಕೆ ಅದು 536 ಬೈಟ್ ಕಳಿಸಿತು. ಸುಮಾರು 6,000 ಕಂಪ್ಯೂಟರುಗಳು ಸಿಕ್ಕಿಬಿದ್ದವೆಂಬ ಅಂದಾಜಿದೆ. ಇಷ್ಟಾದರೂ ಸಿ ಭಾಷೆಯ ಮಾನದಂಡ ಗೆಟ್ಸ್ ಅನ್ನು ಕೈಬಿಟ್ಟದ್ದು 2011ರಲ್ಲಿ.

ಕೋಡ್ ಓದಿ ತಪ್ಪು ಹೆಕ್ಕುವ ಲಿಂಟ್ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲೇ ಹುಟ್ಟಿತ್ತು. ಅದರ ಗಮನವೆಲ್ಲ ಒಂದು ಬಗೆಯ ಡೇಟಾ ಇರಬೇಕಾದಲ್ಲಿ ಇನ್ನೊಂದನ್ನು ಇಡುವಂಥ ಎಡವಟ್ಟುಗಳ ಮೇಲೆ. ಭದ್ರತೆಗೆಂದೇ ಸಿ ಕೋಡ್ ಜಾಲಾಡುವ ಐಟಿಎಸ್4 ಎಂಬ ಸಾಧನ ಬಂದದ್ದು 2000ದಲ್ಲಿ. ಮರುವರ್ಷ ಮೇ ತಿಂಗಳಲ್ಲಿ ರ‍್ಯಾಟ್ಸ್ ಮತ್ತು ಡೇವಿಡ್ ವೀಲರ್ ಅವರ ಫ್ಲಾಫೈಂಡರ್ ಒಟ್ಟಿಗೇ ಹೊರಬಂದವು.

ಫ್ಲಾಫೈಂಡರ್ ಕೆಲಸ ಸರಳ. ಅಪಾಯಕಾರಿ ಫಂಕ್ಷನ್‌ಗಳ ಪಟ್ಟಿ ಇಟ್ಟುಕೊಂಡು ಕೋಡಿನಲ್ಲಿ ಅವನ್ನು ಹುಡುಕುತ್ತದೆ, ಕಾಮೆಂಟಿನಲ್ಲಿ (ಓದುವವರಿಗಾಗಿ ಬರೆದ ಟಿಪ್ಪಣಿಯಲ್ಲಿ) ಇರುವುದನ್ನು ಬಿಟ್ಟುಬಿಡುತ್ತದೆ, ಸೊನ್ನೆಯಿಂದ 5ರವರೆಗೆ ಅಪಾಯದ ಮಟ್ಟ ಹೇಳುತ್ತದೆ. ಗೆಟ್ಸ್‌ಗೆ 5, ಸ್ಟ್ರಿಂಗ್ ನಕಲು ಮಾಡುವ ಸ್ಟ್ರ್‌ಕಾಪಿಗೆ ಸಾಮಾನ್ಯವಾಗಿ 4. ಆದರೆ ಡೇಟಾ ಎಲ್ಲಿಂದ ಬಂತು, ಮೇಲಿನ ಸಾಲಿನಲ್ಲಿ ಉದ್ದ ನೋಡಿದ್ದಾರೋ ಇಲ್ಲವೋ, ಅದಕ್ಕೆ ತಿಳಿಯದು. ಹಾಗಾಗಿ ಸುಳ್ಳು ಎಚ್ಚರಿಕೆಗಳು ರಾಶಿ ಬೀಳುತ್ತವೆ. ಬೇಸತ್ತು ಎಲ್ಲವನ್ನೂ ತಳ್ಳಿಹಾಕುವುದೇ ಇಲ್ಲಿರುವ ದೊಡ್ಡ ಅಪಾಯ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಡೇಟಾ ಹರಿಯುವ ದಾರಿಯನ್ನೇ ಬೆನ್ನಟ್ಟುವ ಕವರಿಟಿಯಂಥ ಸಾಧನಗಳು ಆಮೇಲೆ ಬೆಳೆದವು. ಅವೂ ಸೋತದ್ದುಂಟು. ಇಂಟರ್ನೆಟ್ ಮಾಹಿತಿಗೆ ಗೂಢಲಿಪಿ ಹಾಕುವ ಓಪನ್ಎಸ್ಎಸ್ಎಲ್‌ನ ಹಾರ್ಟ್‌ಬ್ಲೀಡ್ ದೋಷ 2012ರಲ್ಲಿ ಬಿಡುಗಡೆಯಾದ ಕೋಡಿನಲ್ಲೇ ಕುಳಿತಿದ್ದು, ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಎದುರಿನವರು ಹೇಳಿದ ಉದ್ದವನ್ನು ನಂಬಿ ಸರ್ವರ್ ತನ್ನ ಮೆಮೊರಿಯಿಂದ 64 ಕಿಲೋಬೈಟ್‌ವರೆಗೂ ಎತ್ತಿ ಕೊಡುತ್ತಿತ್ತು. ಅದಾದ ಮೇಲೆಯೇ ಕವರಿಟಿಯವರು ಅಂಥ ಉದ್ದವನ್ನು ಅನುಮಾನಿಸುವ ಹೊಸ ತಪಾಸಣೆ ಸೇರಿಸಿದರು.

ಫ್ಲಾಫೈಂಡರ್ ಉಚಿತ. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರಿನಲ್ಲೇ 2020ರ 10ನೇ ಆವೃತ್ತಿಯಿಂದ ವಿಶ್ಲೇಷಕ ಇದೆ. ಕಾಲೇಜಿಗೆ ಖರ್ಚಿಲ್ಲ. ಲ್ಯಾಬ್ ಜರ್ನಲ್‌ನಲ್ಲಿ ಔಟ್‌ಪುಟ್ ಜೊತೆ ಈ ಸಾಧನಗಳು ಕೊಡುವ ವರದಿಯನ್ನೂ ಅಂಟಿಸಲಿ. ಯಾವ ಎಚ್ಚರಿಕೆ ನಿಜ, ಯಾವುದು ಸುಳ್ಳು, ಯಾಕೆ ಎಂದು ವೈವಾದಲ್ಲಿ ಕೇಳಲಿ. ಇದೇ ಹುಡುಗರು ನಾಳೆ ಯಂತ್ರಗಳ ಕಂಟ್ರೋಲರ್‌ಗೆ ಕೋಡ್ ಬರೆಯುವವರು, ಅಲ್ಲಿ ನಡೆಯುವುದು ಹೆಚ್ಚಾಗಿ ಸಿ ಭಾಷೆಯೇ.