ಕಥೆಯ ಗ್ರಹಕ್ಕೆ ಎಷ್ಟು ದೊಡ್ಡ ಚಂದ್ರ ಇಡಬಹುದು?

ಪ್ರಶ್ನೆ: ನನ್ನ ವಿಜ್ಞಾನ ಕಥೆಯ ಗ್ರಹ ಭೂಮಿಯಂಥದ್ದೇ. ಅದರ ಚಂದ್ರ ಮಾತ್ರ ನಮ್ಮ ಚಂದ್ರನ ಹತ್ತು ಪಟ್ಟು ಅಗಲ ಕಾಣಬೇಕು. ಆಗುತ್ತದೆಯೇ?

ಉತ್ತರ: ಇಡಬಹುದು, ಆದರೆ ಕರಾವಳಿಯಲ್ಲಿ ಊರು ಕಟ್ಟಬೇಡಿ. ಚಂದ್ರ ನಮ್ಮದರಂತೆ ಕಲ್ಲಿನದಾದರೆ, ಎಷ್ಟು ಪಟ್ಟು ಅಗಲ ಕಾಣುತ್ತದೋ ಅದರ ಘನದಷ್ಟು ಉಬ್ಬರದ ಸೆಳೆತ. ಎರಡು ಪಟ್ಟಿಗೆ 8, ಹತ್ತು ಪಟ್ಟಿಗೆ 1000. ಹತ್ತಿರ ತಂದರೂ ಅಷ್ಟೇ, ಇದ್ದಲ್ಲೇ ಹಿಗ್ಗಿಸಿದರೂ ಅಷ್ಟೇ. ಇನ್ನು ಕೈಯಾಡಿಸಲು ಉಳಿಯುವುದು ಸಾಂದ್ರತೆ ಒಂದೇ. ನಮ್ಮ ಆಕಾಶದಲ್ಲೇ ಇದಕ್ಕೆ ಪುರಾವೆ ಇದೆ: ಸೂರ್ಯ, ಚಂದ್ರ ಹೆಚ್ಚುಕಡಿಮೆ ಒಂದೇ ಅಗಲ ಕಾಣುತ್ತವೆ. ನೀರಿನ ಸಾಂದ್ರತೆ 1 ಎಂದುಕೊಂಡರೆ ಸೂರ್ಯನ ಸರಾಸರಿ ಸಾಂದ್ರತೆ 1.41, ಚಂದ್ರನದು 3.34. ಹಾಗಾಗಿಯೇ ಸೂರ್ಯನಿಂದೇಳುವ ಉಬ್ಬರ ಚಂದ್ರನದರ ಅರ್ಧಕ್ಕೂ ಕಡಿಮೆ. ಹಿಮದ ಹಗುರ ಚಂದ್ರ ಮಾಡೋಣವೆಂದರೆ, ಭೂಮಿಯಷ್ಟು ಬಿಸಿಲು ಬೀಳುವಲ್ಲಿ ಅದು ಬಾಳದು.

3,84,400 ಕಿ.ಮೀ. ದೂರದಲ್ಲೇ ಬಿಟ್ಟು ಹತ್ತು ಪಟ್ಟು ಹಿಗ್ಗಿಸಿದರೆ ಅದರ ತೂಕ ಭೂಮಿಯ ಸುಮಾರು 12 ಪಟ್ಟು. ಆಗ ಯಾರು ಯಾರ ಚಂದ್ರ?

ಸರಿ, 38,440 ಕಿ.ಮೀ.ಗೆ ತನ್ನಿ. ದೂರ ಇಷ್ಟು ಪಟ್ಟು ಬದಲಾದರೆ, ಆ ಸಂಖ್ಯೆಯನ್ನು ಅದರದೇ ವರ್ಗಮೂಲದಿಂದ ಗುಣಿಸಿದಷ್ಟು ಪಟ್ಟು ಸುತ್ತುವ ಅವಧಿ ಬದಲಾಗುತ್ತದೆ. 27.3 ದಿನ ಇಳಿದು 20.7 ಗಂಟೆಯಾಗುತ್ತದೆ. ಗ್ರಹ ತಿರುಗುವುದಕ್ಕಿಂತ ಚಂದ್ರನೇ ವೇಗ. ಹಾಗಾಗಿ ಅದು ಪಶ್ಚಿಮದಲ್ಲಿ ಹುಟ್ಟಿ, ಹತ್ತಿರಹತ್ತಿರ ಮೂರು ದಿನ ಆಕಾಶದಲ್ಲಿ ತೆವಳಿ, ಪೂರ್ವದಲ್ಲಿ ಮುಳುಗುತ್ತದೆ. ಅಷ್ಟರೊಳಗೆ ಮೂರು ಸುತ್ತು ಚಂದ್ರಕಲೆಗಳು ಬೆಳೆದು ಕ್ಷಯಿಸುತ್ತವೆ. ಕಕ್ಷೆಯ ಓರೆ ನಮ್ಮ ಚಂದ್ರನಂತೆ 5 ಡಿಗ್ರಿಯಿದ್ದರೆ ಪ್ರತಿ ಹುಣ್ಣಿಮೆಗೂ ಪೂರ್ಣ ಗ್ರಹಣ. ತುಂಬು ಬೆಳದಿಂಗಳ ದೃಶ್ಯ ಬರೆದಿದ್ದರೆ ಹೊಡೆದುಹಾಕಿ.

ಇನ್ನೊಂದು ತೊಡಕು. 24 ಗಂಟೆಯ ದಿನವಿರುವ ಭೂಮಿಯಂಥ ಗ್ರಹದ ಕೇಂದ್ರದಿಂದ ಸುಮಾರು 42,000 ಕಿ.ಮೀ. ಒಳಗಿರುವ ಚಂದ್ರನ ಕಕ್ಷೆ ಕುಗ್ಗುತ್ತಾ ಹೋಗುತ್ತದೆ. ಮಂಗಳನ ಚಂದ್ರ ಫೋಬೋಸ್ ಹೀಗೇ ಶತಮಾನಕ್ಕೆ ಸುಮಾರು 2 ಮೀಟರ್ ಒಳಬರುತ್ತಿದೆ. 18,000 ಕಿ.ಮೀ. ಆಸುಪಾಸಿನಲ್ಲಿ ರೋಷ್ ಮಿತಿ. ಅದನ್ನು ದಾಟಿದ ದೊಡ್ಡ ಚಂದ್ರ ಚೂರಾಗಿ ಉಂಗುರವಾಗುತ್ತದೆ. ಹೊರಗಿನ ಗಡಿ ಸುಮಾರು 7 ಲಕ್ಷ ಕಿ.ಮೀ. ಅದರಾಚೆ ಸೂರ್ಯನ ಸೆಳೆತಕ್ಕೆ ಕಕ್ಷೆ ನಿಲ್ಲುವುದಿಲ್ಲ.

ನಮ್ಮ ಸಲಹೆ ಎರಡು ಪಟ್ಟು. ಈಗಿನ ಚಂದ್ರನನ್ನೇ 1,92,000 ಕಿ.ಮೀ.ಗೆ ತಂದರೆ ಸುಮಾರು ಹತ್ತು ದಿನಕ್ಕೊಂದು ಹುಣ್ಣಿಮೆ. ಉಬ್ಬರ ಎಂಟು ಪಟ್ಟಾದರೂ ಬಂದರುಗಳನ್ನು ಎತ್ತರದಲ್ಲಿ ಕಟ್ಟಿಕೊಂಡು ಜನ ಬದುಕಬಲ್ಲರು.

ಚಂದ್ರನ ಮೇಲಿನ ಗುರುತ್ವಕ್ಕೆ ಸಾಂದ್ರತೆಯನ್ನು ತ್ರಿಜ್ಯದಿಂದ ಗುಣಿಸಿ ಹೋಲಿಸಿದರೆ ಸಾಕು. ನಮ್ಮ ಚಂದ್ರನಿಗೆ ತ್ರಿಜ್ಯ 1,737 ಕಿ.ಮೀ., ಗುರುತ್ವ 1.62 ಮೀ/ಸೆ², ತ್ರಿಜ್ಯ ಎರಡರಷ್ಟಾದರೆ 3.24. ಗಾಳಿಯ ವಿಷಯದಲ್ಲಿ ಬರೀ ಗಾತ್ರ ನಂಬಬೇಡಿ: ಶನಿಯ ಚಂದ್ರ ಟೈಟನ್‌ಗೆ ದಟ್ಟ ವಾತಾವರಣವಿದೆ, ಅದಕ್ಕಿಂತ ದೊಡ್ಡದಾದ, ಗುರುವಿನ ಚಂದ್ರ ಗ್ಯಾನಿಮೀಡ್‌ಗೆ ಹೆಸರಿಗಷ್ಟೇ.

ಇಷ್ಟು ಹತ್ತಿರದ ಚಂದ್ರ ಒಂದೇ ಮುಖ ತೋರಿಸುತ್ತದೆ. ಅಂದರೆ ಅದರ ಮೇಲೆ ನಿಂತವರಿಗೆ ಗ್ರಹ ಆಕಾಶದಲ್ಲಿ ಒಂದೇ ಕಡೆ ನೇತಾಡುತ್ತಿರುತ್ತದೆ, ಹುಟ್ಟುವುದೂ ಇಲ್ಲ ಮುಳುಗುವುದೂ ಇಲ್ಲ. ಗ್ರಹೋದಯದ ದೃಶ್ಯ ಬೇಕೇ ಬೇಕೆಂದರೆ ನಿಮ್ಮ ಪಾತ್ರವನ್ನು ಚಂದ್ರನ ಸುತ್ತ ಹಾರುವ ನೌಕೆಗೆ ಹತ್ತಿಸಿ.