ಮೊದಲು ಹೆಜ್ಜೆ, ಆಮೇಲೆ ಕೋಳಿ: ಊಟದ ತಟ್ಟೆ ಕಾಯುವ ನಾಯಿಗೆ ತರಬೇತಿ

ನಮ್ಮ ನಾಯಿ ಕೆಂಚ ಬೀದಿಯಿಂದ ಬಂದವನು. ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಅನ್ನುತ್ತಿದ್ದ. ಇದನ್ನು ರಿಸೋರ್ಸ್ ಗಾರ್ಡಿಂಗ್ ಅನ್ನುತ್ತಾರೆ. ಊಟ, ಮೂಳೆ, ಮಲಗುವ ಜಾಗ ಯಾರಾದರೂ ಕಿತ್ತುಕೊಂಡಾರು ಅನ್ನುವ ಭಯ ಅದು. ಮೂರು ವಾರದಲ್ಲಿ ಕಲಿತದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಗುರ್ ಅನ್ನುವುದಕ್ಕೂ ಮೊದಲೇ ಸೂಚನೆ ಸಿಗುತ್ತದೆ. ತಿನ್ನುವುದು ನಿಲ್ಲಿಸಿ ಮೈ ಬಿಗಿ ಹಿಡಿಯುತ್ತದೆ. ಇಲ್ಲವೇ ಗಬಗಬ ನುಂಗುತ್ತದೆ. ತಲೆ ಎತ್ತದೆ ಓರೆಗಣ್ಣಲ್ಲಿ ನೋಡುತ್ತದೆ. ಆಗ ನಾವು ಜಾಸ್ತಿ ಹತ್ತಿರ ಬಂದಿದ್ದೇವೆ ಅಂತ ಅರ್ಥ. ಗುರ್ ಅಂದಿದ್ದಕ್ಕೆ ಗದರಬೇಡಿ. ಗದರಿದರೆ ಭಯ ಹಾಗೇ ಉಳಿಯುತ್ತದೆ, ಎಚ್ಚರಿಕೆ ಕೊಡುವುದು ನಿಲ್ಲುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚಬಹುದು.

ನಾನು ಎಡವಿದ್ದು ಇಲ್ಲಿ. ಬೇಯಿಸಿದ ಕೋಳಿ ತುಂಡನ್ನು ಕೈಯಲ್ಲಿ ತೋರಿಸುತ್ತಾ, 'ಬಾ ಬಾ' ಅನ್ನುತ್ತಾ ಹೋಗುತ್ತಿದ್ದೆ. ಒಂದು ವಾರವಾದರೂ ಏನೂ ಬದಲಾಗಲಿಲ್ಲ. ಯಾಕೆ? ಕೆಂಚನಿಗೆ ಮೊದಲು ಕಾಣುತ್ತಿದ್ದದ್ದು ಕೋಳಿ. ಅದರ ಹಿಂದೆ ನಾನು ಬರುತ್ತಿದ್ದೆ. ಅಂದರೆ ಕೋಳಿ ಕಂಡರೆ ಯಾರೋ ತಟ್ಟೆ ಹತ್ತಿರ ಬರುತ್ತಾರೆ ಅಂತ ಕಲಿಯುತ್ತಿದ್ದ! ನಮಗೆ ಬೇಕಾದದ್ದು ಉಲ್ಟಾ: ಹೆಜ್ಜೆ ಸದ್ದು ಕೇಳಿದರೆ ಕೋಳಿ ಬರುತ್ತದೆ ಅನ್ನುವುದು. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಮೊದಲು ಸದ್ದು, ಆಮೇಲೆ ಊಟ. ಅದಕ್ಕೇ ನಾಯಿಗೆ ಸದ್ದು ಕೇಳಿದರೇ ಜೊಲ್ಲು ಬರುತ್ತಿತ್ತು. ಊಟ ಆದಮೇಲೆ ಸದ್ದು ಮಾಡಿದರೆ ಆ ಸದ್ದಿಗೆ ಬೆಲೆಯೇ ಇರುವುದಿಲ್ಲ.

ಈಗ ಹೀಗೆ ಮಾಡುತ್ತೇನೆ. ಕೋಳಿ ಡಬ್ಬಿಯಲ್ಲಿ, ಕೈ ಖಾಲಿ. ತುಂಡಿಗೆ ಉಪ್ಪು, ಈರುಳ್ಳಿ, ಮೂಳೆ ಏನೂ ಇರಬಾರದು. ಕೆಂಚ ಆರಾಮಾಗಿ ತಿನ್ನುತ್ತಲೇ ಇರುವ ದೂರ ನಮಗೆ 10 ಅಡಿ. ಅಲ್ಲಿಯವರೆಗೆ ನಡೆಯುತ್ತೇನೆ. ನಿಲ್ಲುತ್ತೇನೆ. ಆಮೇಲೆ ಡಬ್ಬಿ ತೆಗೆದು ಒಂದು ತುಂಡು ಎಸೆದು ವಾಪಸ್ ಬರುತ್ತೇನೆ. ವಾಪಸ್ ಬರುವುದೂ ಮುಖ್ಯ, ತಟ್ಟೆ ಅವನದೇ ಅಂತ ಗೊತ್ತಾಗುತ್ತದೆ. ಒಂದು ಊಟಕ್ಕೆ ನಾಲ್ಕೈದು ಸಲ ಸಾಕು. ಹೆಜ್ಜೆ ಸದ್ದಿಗೇ ಬಾಲ ಆಡಿಸುತ್ತಾ ಕೋಳಿಗಾಗಿ ತಲೆ ಎತ್ತಿದರೆ ಮಾತ್ರ ಅರ್ಧ ಅಡಿ ಮುಂದೆ.

ಗುರ್ ಅಂದಾಗ ಕೋಳಿ ಹಾಕಿದರೆ ಗುರ್ ಅನ್ನುವುದನ್ನೇ ಕಲಿಸಿದ ಹಾಗಲ್ವಾ? ಈ ಪ್ರಶ್ನೆ ನನ್ನನ್ನೂ ತುಂಬಾ ಕಾಡಿತು. ನಾವಿಲ್ಲಿ ಬದಲಿಸುತ್ತಿರುವುದು ಭಯವನ್ನು. ಭಯ ಕಡಿಮೆಯಾದರೆ ಗುರ್ ಅನ್ನುವ ಅಗತ್ಯವೇ ಇರುವುದಿಲ್ಲ. ಆದರೂ ಗುರ್ ಅಂದರೆ ದೂರದ ಲೆಕ್ಕ ತಪ್ಪಿದೆ ಅಂತಲೇ. ಹಿಂದೆ ಸರಿದು, ಮುಂದಿನ ಸಲ ಇನ್ನೂ ದೂರದಿಂದ ಶುರು ಮಾಡಿ.

ಮನೆಯಲ್ಲಿ ಮಕ್ಕಳಿದ್ದರೆ ನಾಯಿಗೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ ಊಟ ಕೊಡಿ. ಈ ಬುದ್ಧಿ ಇದ್ದಕ್ಕಿದ್ದಂತೆ ಶುರುವಾದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಹಲ್ಲುನೋವೂ ಇರಬಹುದು. ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

ನಾನೀಗ 3 ಅಡಿಗೆ ಬಂದಿದ್ದೇನೆ. ಅಮ್ಮ ಬಂದರೆ ಮಾತ್ರ ಕೆಂಚ ಇನ್ನೂ ಮೈ ಬಿಗಿ ಹಿಡಿಯುತ್ತಾನೆ. ಅವನು ಕಲಿತದ್ದು ನನ್ನ ಹೆಜ್ಜೆಯನ್ನು ಮಾತ್ರ. ನಾಳೆಯಿಂದ ಡಬ್ಬಿ ಅಮ್ಮನ ಕೈಗೆ, ಮತ್ತೆ 10 ಅಡಿಯಿಂದ.